ಹೆಸರಿರುವ ತುದಿ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದ ಗಾತ್ರದ, ಹುಣಸೆಬೀಜದ ಬಣ್ಣದ ಒಂದು ಜಡ್ಡು ಇತ್ತು. ಮೂವತ್ತು ವರ್ಷ ಕತ್ತರಿ ಹಿಡಿದು ಮಾತ್ರೆಯ ಸ್ಟ್ರಿಪ್‌ಗಳನ್ನು ಕತ್ತರಿಸಿ ಬಂದದ್ದು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಮೂಗಿನ ತುದಿಗೆ ಜಾರಿದ ಕನ್ನಡಕ. ಕಾಟನ್‌ಪೇಟೆಯ ಸಗಟು ಅಂಗಡಿಗಳ ನಡುವೆ ಅವರದ್ದೊಂದು ಸಣ್ಣ ಮೆಡಿಕಲ್ ಶಾಪ್. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

ನಮ್ಮ ಮನೆ ಇದ್ದದ್ದು ಬಸವನಗುಡಿಯಲ್ಲಿ. ಅಲ್ಲಿ ಮೆಡಿಕಲ್ ಶಾಪ್ ಇರಲಿಲ್ಲವೇ ಎಂದು ಕೇಳಬೇಡಿ. ನಮ್ಮ ರಸ್ತೆಯಲ್ಲೇ ಮೂರಿದ್ದವು. ಮೂರರಲ್ಲೂ ಅಮ್ಮನಿಗೆ ಗುರುತಿನವರಿದ್ದರು, ಅದೇ ತೊಂದರೆ. ತೊಂಬತ್ತರ ದಶಕದ ನಡುವೆ, ನನ್ನ ಡಿಗ್ರಿ ಮುಗಿದ ವರ್ಷ, ನಾನು ಹಾಸಿಗೆಯಿಂದ ಏಳುವುದನ್ನು ಬಿಟ್ಟೆ. ತಲೆ ಬಾಚಿಕೊಳ್ಳುವುದೂ ಬೆಟ್ಟದಂಥ ಕೆಲಸವಾಗಿತ್ತು. ಡಾಕ್ಟರು ಖಿನ್ನತೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಅಮ್ಮ ನೆಂಟರಿಗೆಲ್ಲ 'ವೀಕ್‌ನೆಸ್' ಎಂದು ಹೇಳಿದಳು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು, ಮನೆಯಲ್ಲಿದ್ದದ್ದು ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಮತ್ತು ಮದುವೆಯ ವಯಸ್ಸಿಗೆ ಬಂದ ನಾನು. ಹುಚ್ಚಿನ ಮಾತ್ರೆ ನುಂಗುವ ಹುಡುಗಿ ಎಂಬ ಮಾತು ಎದ್ದರೆ ಮುಗಿಯಿತು ಎಂದು ಅಮ್ಮ ಹೆದರಿದ್ದಳು. ಹಾಗಾಗಿ ಬಸ್ಸು ಹತ್ತಿ ಕಾಟನ್‌ಪೇಟೆ.

ಯಜಮಾನರು ಚೀಟಿ ಓದಿ ಮೊದಲು ನನ್ನ ಮುಖ ನೋಡಿದರು, ಅಮ್ಮನದ್ದಲ್ಲ.

"ಎರಡು ಮೂರು ವಾರ ಏನೂ ಗೊತ್ತಾಗಲ್ಲ ತಾಯಿ. ಬಾಯಿ ಒಣಗತ್ತೆ, ತಲೆ ತಿರುಗತ್ತೆ. ಕೂತಿದ್ದವಳು ದಡಕ್ಕನೆ ಏಳ್ಬೇಡ. ಇದ್ರಿಂದ ಏನೂ ಆಗ್ಲಿಲ್ಲ ಅಂತ ಬಿಟ್ಬಿಡ್ಬೇಡ. ಚೆನ್ನಾಗಿದೀನಿ ಅನ್ಸಿದ ದಿನಾನೂ ಬಿಡ್ಬೇಡ. ಜನ ಬಿಡೋದು ಆವತ್ತೇ."

ಎಲ್ಲ ಹೆಂಗಸರನ್ನೂ ಅವರು ತಾಯಿ ಎನ್ನುತ್ತಿದ್ದರು, ಲಂಗ ತೊಟ್ಟ ಮಕ್ಕಳನ್ನೂ ಕೂಡ. ಎಷ್ಟು ಜನ ಕಾದಿದ್ದರೂ ಪ್ರತಿ ಮಾತ್ರೆಯ ಕವರಿನ ಮೇಲೆ ಅದರ ಹೆಸರು, ತಿನ್ನುವವರ ಹೆಸರು, ಹೊತ್ತು ಮೂರನ್ನೂ ದುಂಡಗೆ ಬರೆಯುತ್ತಿದ್ದರು. ಹಿಂದೆ ನಿಂತವರು ಗೊಣಗಿದರೆ, "ನಿಮ್ದೂ ಬರೀತೀನಿ, ನಿಂತ್ಕೊಳಿ" ಎನ್ನುತ್ತಿದ್ದರು.

ನನ್ನ ಕವರಿನ ಮೇಲೆ ಬರೆಯುವಾಗ ಅಮ್ಮ ಕೈ ಅಡ್ಡ ಹಿಡಿದಳು. "ಯಜಮಾನ್ರೇ, ಹೆಸರು ಬೇಡ. ಮನೆಗೆ ನಾಲ್ಕು ಜನ ಬರ್ತಾರೆ. ಮದುವೆ ಆಗ್ಬೇಕಾದ ಹುಡುಗಿ." ಆ ಸ್ಟ್ರಿಪ್‌ನಲ್ಲಿ ಮಾತ್ರೆಯ ಹೆಸರೂ ತಾರೀಖೂ ಒಂದೇ ತುದಿಯಲ್ಲಿ ಅಚ್ಚಾಗಿರುತ್ತಿತ್ತು. ಅದನ್ನೂ ಕತ್ತರಿಸಿ ಕೊಡಿ ಎಂದಳು. ಅವರು ಕತ್ತರಿ ಎತ್ತಿಕೊಂಡರು. ನನ್ನತ್ತ ನೋಡಿದರು. ನಾನೂ ಹೂಂ ಎಂದು ತಲೆ ಆಡಿಸಿದೆ, ನನಗೂ ನಾಚಿಕೆಯೇ. ಅವರು ಹೆಸರಿರುವ ತುದಿಯನ್ನು ಕತ್ತರಿಸಿ ತಾವಿಟ್ಟುಕೊಂಡು, ಹೆಸರಿಲ್ಲದ ಹದಿನಾಲ್ಕು ಮಾತ್ರೆ ಕೊಟ್ಟರು. ಎರಡು ವಾರಕ್ಕಿಂತ ಜಾಸ್ತಿ ಯಾವಾಗಲೂ ಕೊಡುತ್ತಿರಲಿಲ್ಲ.

ಅವರು ಹೇಳಿದ ಹಾಗೆಯೇ ಆಯಿತು. ಮೂರನೆಯ ವಾರಕ್ಕೆ ನಿದ್ದೆ ಬಂತು, ಎರಡು ತಿಂಗಳಿಗೆ ನಾನೇ ಎದ್ದು ರಂಗೋಲಿ ಹಾಕಿದೆ. ಅಮ್ಮ ತಡಮಾಡದೆ ಗಂಡಿನ ಕಡೆಯವರಿಗೆ ಹೇಳಿಕಳಿಸಿದಳು. ಅವರು ಬರುವ ಮುಂಚೆ ಮಾತ್ರೆಗಳನ್ನೆಲ್ಲ ಸ್ಟ್ರಿಪ್‌ನಿಂದ ಬಿಡಿಸಿ, ಖಾಲಿಯಾದ ವಿಟಮಿನ್ ಬಾಟಲಿಯೊಂದಕ್ಕೆ ತುಂಬಿ, ಊಟದ ಮನೆಯ ಗೂಡಿನಲ್ಲಿಟ್ಟಳು. ಯಾರು ಕಂಡರೂ ವಿಟಮಿನ್ನೇ. ಗಂಡಿನವರು ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು, ತಿಳಿಸ್ತೀವಿ ಎಂದರು, ತಿಳಿಸಲಿಲ್ಲ. ಬಾಟಲಿ ಮಾತ್ರ ಗೂಡಿನಲ್ಲೇ ಉಳಿಯಿತು.

ಮುಂದಿನ ಸಲ ತಂದ ಹದಿನಾಲ್ಕೂ ಅದೇ ಬಾಟಲಿಗೆ ಹೋದವು. ಆರನೆಯ ದಿನಕ್ಕೆ ಬಾಟಲಿ ಖಾಲಿ. ನಾನು ಎಲ್ಲೋ ಚೆಲ್ಲಿದ್ದೇನೆಂದು ಅಮ್ಮ ರೇಗಿದಳು. ಇಬ್ಬರೂ ಮತ್ತೆ ಕಾಟನ್‌ಪೇಟೆಗೆ ಹೋದೆವು.

ಯಜಮಾನರು ಕತ್ತರಿ ಎತ್ತಿಕೊಳ್ಳಲಿಲ್ಲ. "ಇನ್ನೂ ಎಂಟು ದಿನಕ್ಕೆ ಇರ್ಬೇಕಲ್ಲ" ಎಂದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ಕೇಳಿದರು, "ತಾಯಿ, ಕೂಡಿಡ್ತಿದೀಯಾ?"

ಅಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಇಲ್ಲ ಎಂದೆ. ನನ್ನ ಮುಖದಲ್ಲಿ ಅದು ನಿಜವೆಂದು ಕಂಡಿರಬೇಕು.

"ಎಲ್ಲಿಡ್ತೀರಿ ಮಾತ್ರೆ?"

ಅಮ್ಮ ಬಾಟಲಿಯ ವಿಷಯ ಹೇಳಿದಳು, ಸ್ವಲ್ಪ ಜಾಣತನದ ದನಿಯಲ್ಲೇ.

"ಮನೇಲಿ ಇನ್ಯಾರಿದಾರೆ?"

"ನಮ್ಮತ್ತೆ. ಎಪ್ಪತ್ತೆಂಟು."

"ಈಗಲೇ ಹೊರಡಿ. ಬಸ್ಸು ಬೇಡ, ಆಟೋ ಹಿಡೀರಿ. ಅವರು ಹೇಗೇ ಇರ್ಲಿ, ಆಸ್ಪತ್ರೆಗೆ ಕರ್ಕೊಂಡ್ಹೋಗಿ. ಏನು ತಗೊಂಡಿದಾರೆ ಅಂತ ಮುಚ್ಚಿಡ್ಬೇಡಿ ತಾಯಿ, ದಮ್ಮಯ್ಯ." ಒಂದು ಚೀಟಿಯ ಮೇಲೆ ಮಾತ್ರೆಯ ಹೆಸರು ಬರೆದು ನನ್ನ ಕೈಗೆ ತುರುಕಿದರು.

ಅಜ್ಜಿ ಬಚ್ಚಲಮನೆಯ ನೆಲದ ಮೇಲೆ ಬಿದ್ದಿದ್ದರು. ಎದ್ದು ನಿಂತವರಿಗೆ ತಲೆ ಸುತ್ತಿತ್ತು, ಸೊಂಟದ ಮೂಳೆ ಮುರಿದಿತ್ತು, ಎದೆಯ ಬಡಿತ ತಾಳ ತಪ್ಪಿತ್ತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಅವರು ನನ್ನ ಕೈ ಹಿಡಿದು, "ಆ ಶಕ್ತಿ ಮಾತ್ರೆ ತಗೊಂಡ್ಮೇಲೆ ನಿನ್ನ ಮುಖಕ್ಕೆ ಕಳೆ ಬಂತಲ್ಲೇ. ನನಗೂ ಒಂದಿಷ್ಟು ಬರ್ಲಿ ಅಂತ ದಿನಾ ಒಂದೆರಡು ತಗೊಂಡೆ ಕಣೇ. ನಿನಗೆ ಕಮ್ಮಿ ಬಿತ್ತಾ?" ಎಂದು ಕೇಳಿದರು. ಹತ್ತೊಂಬತ್ತನೆಯ ದಿನ ಹೋಗಿಬಿಟ್ಟರು.

ಅಮ್ಮ ಬಾಟಲಿಯನ್ನು ಕಸದ ತೊಟ್ಟಿಗೆ ಎಸೆದಳು. ಆಸ್ಪತ್ರೆಯ ಓಡಾಟದ ನಡುವೆ ನಾನೇ ತಂದಿಟ್ಟುಕೊಂಡಿದ್ದ ಮಾತ್ರೆಯನ್ನು ಮುಟ್ಟುವುದನ್ನೇ ಬಿಟ್ಟೆ. ಅಜ್ಜಿಯನ್ನು ತಿಂದ ಮಾತ್ರೆಯನ್ನು ನಾನು ಹೇಗೆ ನುಂಗಲಿ? ನಾಲ್ಕು ದಿನದಲ್ಲಿ ವಾಕರಿಕೆ, ಬೆವರು, ನಿದ್ದೆಯಿಲ್ಲ. ಹಳೆಯ ಕತ್ತಲೆ ಇನ್ನೂ ದಟ್ಟವಾಗಿ ಬಂತು. ಐದನೆಯ ದಿನ ಒಬ್ಬಳೇ ಕಾಟನ್‌ಪೇಟೆಗೆ ಹೋದೆ. ಇನ್ನು ಬರುವುದಿಲ್ಲ ಎಂದು ಹೇಳಿ ಬರುವುದಕ್ಕೆ. ಹೇಳದೆ ಹೋಗಬಾರದು ಎಂದು ಯಾಕೆ ಅನ್ನಿಸಿತೋ ಗೊತ್ತಿಲ್ಲ.

ಅಜ್ಜಿ ಹೋದ ಸುದ್ದಿ ಕೇಳಿ ಯಜಮಾನರು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟರು. ನಾನು ಮಾತ್ರೆ ಬಿಟ್ಟಿದ್ದೇನೆ ಎಂದಾಗ ಸ್ಟೂಲಿನಿಂದ ಇಳಿದು ಗಲ್ಲಾದ ಈಚೆಗೆ ಬಂದರು.

"ಆವತ್ತು ಕೇಳಿದ್ದನ್ನೇ ಕೇಳ್ತೀನಿ. ಸಾಯ್ಬೇಕು ಅನ್ಸತ್ತಾ?"

ಅಷ್ಟು ದಿನಗಳಲ್ಲಿ ಅವರಲ್ಲದೆ ನನ್ನನ್ನು ಯಾರೂ ಕೇಳಿರಲಿಲ್ಲ, ಡಾಕ್ಟರೂ ಅಮ್ಮನನ್ನೇ ಕೇಳುತ್ತಿದ್ದರು. ಹೂಂ ಎಂದೆ. ಹೇಳಿದ ಮೇಲೆ ಅಲ್ಲೇ ನಿಂತು ಅತ್ತೆ.

ಅವರು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಅಂಗಡಿಯ ಫೋನಿನಿಂದ ಅಮ್ಮನಿಗೆ ಸುದ್ದಿ ಮುಟ್ಟಿಸಿ, ಹಾಡಹಗಲೇ ಷಟರ್ ಎಳೆದು, ಆಟೋದಲ್ಲಿ ನನ್ನನ್ನು ಚಾಮರಾಜಪೇಟೆಯ ಡಾಕ್ಟರ ಹತ್ತಿರ ಕರೆದೊಯ್ದರು. ದಾರಿಯಲ್ಲಿ, "ಆ ಮಾತ್ರೆ ನಿಮ್ಮಜ್ಜೀನ ಕೊಂದಿಲ್ಲ ತಾಯಿ, ಅದಕ್ಕೆ ಹೆಸರಿಲ್ದೇ ಇದ್ದದ್ದು ಕೊಂದಿದ್ದು. ಬಿಡೋದಿದ್ರೂ ಡಾಕ್ಟ್ರು ಹೇಳ್ದಂಗೆ ಸ್ವಲ್ಪಸ್ವಲ್ಪ ಇಳಿಸ್ಕೊಂಡು ಬಿಡ್ಬೇಕು" ಎಂದರು. ಅಮ್ಮ ಅಲ್ಲಿಗೆ ಓಡಿಬಂದು, ಎಲ್ಲ ತನ್ನಿಂದಲೇ ಆಯಿತು ಎಂದು ಅವರೆದುರು ಕುಸಿದು ಕೂತಳು. ಅವರು ತಮ್ಮ ಹೆಬ್ಬೆರಳಿನ ಜಡ್ಡನ್ನು ಉಜ್ಜಿಕೊಳ್ಳುತ್ತಾ, "ನೀವು ಕೇಳಿದ್ರಿ. ಕತ್ತರಿಸಿದ್ದು ನಾನು. ನನಗೆ ಗೊತ್ತಿತ್ತು, ನಿಮಗೆ ಗೊತ್ತಿರ್ಲಿಲ್ಲ" ಎಂದರು. ಅಂಥ ಮಾತನ್ನು ಆಡಿದ ಇನ್ನೊಬ್ಬ ಅಂಗಡಿಯವರನ್ನು ನಾನು ಕಂಡಿಲ್ಲ.

ಅಲ್ಲಿಂದಾಚೆ ನನಗೆ ವಾರಕ್ಕೆ ಏಳೇ ಮಾತ್ರೆ, ಅದೂ ಹೆಸರಿರುವ ತುದಿಯ ಸಮೇತ. ಹೆಸರಿಲ್ಲದೆ ಉಳಿದ ತುಂಡನ್ನು ಬೇರೆಯವರಿಗೆ ಮಾರದೆ, ಕವರಿಗೆ ಹಾಕಿ, ಎಲ್ಲವನ್ನೂ ಬರೆದು, ನನಗಾಗಿಯೇ ಎತ್ತಿಡುತ್ತಿದ್ದರು. ಎರಡು ವರ್ಷದ ಮೇಲೆ ಡಾಕ್ಟರು ಪ್ರಮಾಣ ಇಳಿಸುತ್ತಾ ನಿಲ್ಲಿಸಿದರು. ಆರೇಳು ವರ್ಷದ ಬಳಿಕ ಕಾಯಿಲೆ ಮರಳಿತು, ನಾನು ಕಾಟನ್‌ಪೇಟೆಗೆ ಮರಳಿದೆ. ಅವರಿಗೆ ಕೈನಡುಕ ಬಂದಿತ್ತು. ಕತ್ತರಿ ಸೊಸೆಯ ಕೈಗೆ ಹೋಗಿತ್ತು, ಬರೆಯುವುದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ಒಂದು ಸೋಮವಾರ ಹೋದಾಗ ಅಂಗಡಿ ಮುಚ್ಚಿತ್ತು. ಮರುವಾರ ಸೊಸೆ ಒಂದು ಕವರು ತೆಗೆದು ಕೊಟ್ಟು, "ಮಾವ ಹೋಗೋ ಹಿಂದಿನ ದಿನ ಬರೆದಿದ್ದು" ಎಂದರು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು, ಆದರೂ ಓದಲು ಬರುತ್ತಿತ್ತು. ಮಾತ್ರೆಯ ಹೆಸರು, ನನ್ನ ಹೆಸರು, ರಾತ್ರಿ ಊಟದ ಮೇಲೆ ಒಂದು.

ಊಟದ ಮನೆಯ ಆ ಗೂಡು ಈಗಲೂ ಇದೆ. ಊಟವಾದ ಮೇಲೆ ಅಮ್ಮ ಅಲ್ಲಿಂದ ಸ್ಟ್ರಿಪ್ ತೆಗೆದು, ಬೆಳಕಿಗೆ ಹಿಡಿದು, ಮಾತ್ರೆಯ ಹೆಸರನ್ನು ಗಟ್ಟಿಯಾಗಿ ಓದಿ ನನ್ನ ಕೈಗೆ ಕೊಡುತ್ತಾಳೆ. ಮನೆಯಲ್ಲಿ ನೆಂಟರಿದ್ದರೂ ಓದುತ್ತಾಳೆ.