ಎಳ್ಳು ಮುಟ್ಟಿದ ಕೈ

2011ರ ಥ್ಯಾಂಕ್ಸ್‌ಗಿವಿಂಗ್ ರಜೆ. ಟೆಕ್ಸಾಸಿನ ಜನರೆಲ್ಲ ಅಗ್ಗದ ಟಿ.ವಿ.ಗಾಗಿ ಅಂಗಡಿಗಳ ಮುಂದೆ ಚಳಿಯಲ್ಲಿ ನಿಲ್ಲುವ ಆ ಪುಣ್ಯಕಾಲದಲ್ಲಿ, ನಾವು ಮೂವರು ಅದಕ್ಕಿಂತ ದೊಡ್ಡ ಚಳಿಯನ್ನು ಹುಡುಕಿಕೊಂಡು ಐಸ್‌ಲ್ಯಾಂಡಿಗೆ ಹೊರಟೆವು. ರೌಂಡ್ ರಾಕಿನಿಂದ ನಾನು, ಹ್ಯೂಸ್ಟನ್ನಿನ ಕ್ಲಿಯರ್ ಲೇಕಿನಿಂದ ನಾಗೇಂದ್ರ, ಡಲ್ಲಾಸ್ ಪಕ್ಕದ ಫ್ಲವರ್ ಮೌಂಡಿನಿಂದ ವಾಸು. ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಇದ್ದವರು. ಹಿಂದಿನ ವರ್ಷ ವಾಸುವಿನ ತಂದೆ ತೀರಿಕೊಂಡಿದ್ದರು. ಅವನನ್ನು ಮನೆಯಿಂದ ಹೊರಗೆಳೆಯುವುದೇ ಪ್ರವಾಸದ ಘನ ಉದ್ದೇಶ.

ಇಳಿದ ದಿನವೇ ಅಮಾವಾಸ್ಯೆ. ಅಲ್ಲಿ ಮಧ್ಯಾಹ್ನವೂ ಮುಸ್ಸಂಜೆಯಂತೆ ಮಂಕಾಗಿತ್ತು. ಕಪ್ಪು ಮರಳಿನ ಕಡಲ ತೀರದಲ್ಲಿ ಕಾರು ನಿಲ್ಲಿಸಿದೊಡನೆ ವಾಸು ಎಳ್ಳಿನ ಪೊಟ್ಟಣ ತೆಗೆದ.

"ಇಲ್ಲೂ ಬಿಡಲ್ವೇನೋ?" ಎಂದ ನಾಗೇಂದ್ರ.

"ಒಂದು ಅಮಾವಾಸ್ಯೆನೂ ತಪ್ಪಿಸಿಲ್ಲ ಕಣೋ. ನಿಮ್ಮಪ್ಪಂದಿರು ಗಟ್ಟಿಯಾಗಿದಾರೆ, ನೀವಿಬ್ರೂ ಆ ಕಡೆ ತಿರುಗಿ."

ತಂದೆ ಇರುವವರು ತರ್ಪಣ ನೋಡಬಾರದು, ಎಳ್ಳು ಮುಟ್ಟಬಾರದು ಎಂಬುದು ನಮ್ಮ ಮನೆಗಳ ಕಟ್ಟಳೆ. ಅಲೆಗಳಿಗೆ ಬೆನ್ನು ಮಾಡಬೇಡಿ ಎಂಬುದು ಅಲ್ಲಿನ ಎಚ್ಚರಿಕೆ ಫಲಕದ ಕಟ್ಟಳೆ. ಇಂಜಿನಿಯರುಗಳಾದ ನಾವು ಫಲಕವನ್ನು ಓದಿ, ಅದರ ಫೋಟೋ ತೆಗೆದುಕೊಂಡು, ಶಾಸ್ತ್ರೋಕ್ತವಾಗಿ ಬೆನ್ನು ಮಾಡಿ ನಿಂತೆವು. ವಾಸುವಿನ ಮುಖವೇನೋ ಸಮುದ್ರದತ್ತಲೇ ಇತ್ತು, ಕಣ್ಣು ಮುಚ್ಚಿತ್ತು.

ಎದುರಿನಿಂದ ಬರುತ್ತಿದ್ದ ಹೆಂಗಸೊಬ್ಬಳು ನಮ್ಮ ಹಿಂದಕ್ಕೆ ಕೈ ತೋರಿಸಿ ಕಿರುಚಿದಳು. ತಿರುಗಿದರೆ ವಾಸು ನಿಂತಿದ್ದ ಜಾಗದಲ್ಲಿ ಬರೀ ನೀರು.

ನೊರೆಯಲ್ಲಿ ಉರುಳುತ್ತಿದ್ದವನ ಜಾಕೆಟ್ಟನ್ನು ನಾಗೇಂದ್ರ ಹೇಗೋ ಹಿಡಿದ. ನಾನು ನಾಗೇಂದ್ರನನ್ನು ಹಿಡಿದೆ, ನನ್ನನ್ನು ಆ ಹೆಂಗಸು. ಸಮುದ್ರ ಒಮ್ಮೆ ಜಗ್ಗಿ ನೋಡಿ, ಬಿಟ್ಟಿತು.

ಕಾರಿನಲ್ಲಿ ಹೀಟರ್ ಹಾಕಿ ಬಟ್ಟೆ ಬದಲಿಸಿದೆವು. ವಾಸುವಿನ ತುಟಿ ನೀಲಿಗಟ್ಟಿತ್ತು. "ಇನ್ನು ಸ್ವಲ್ಪದರಲ್ಲಿ ನಿಮ್ಮಪ್ಪನ ಪಕ್ಕದಲ್ಲೇ ಕೂತಿರ್ತಿದ್ದೆ. ನಡಿ ಆಸ್ಪತ್ರೆಗೆ," ಎಂದು ನಾಗೇಂದ್ರ ರೇಗಿದ.

"ಮುಗಿಸಿಬಿಡ್ತೀನಿ," ಎಂದ ವಾಸು, ಹಲ್ಲು ಕಟಕಟಿಸುತ್ತ. "ಅಪ್ಪನ್ನ ಹೆಸರು ಹಿಡಿದು ಕರೆದಾಗಿದೆ ಕಣೋ. ಹಾಗೇ ನಿಲ್ಲಿಸಿ ಹೋಗೋಕಾಗತ್ತಾ?"

ಕಾರಿನ ಪಕ್ಕದಲ್ಲೇ ನಾಗೇಂದ್ರ ಅವನನ್ನು ಹಿಂದಿನಿಂದ ತಬ್ಬಿ ನಿಲ್ಲಿಸಿಕೊಂಡ. ವಾಸುವಿನ ಬೆರಳುಗಳು ಮಡಚುತ್ತಿರಲಿಲ್ಲ. ಕಾರಿನ ಸೀಟಿನ ಮೇಲೆ ಅವನು ಬಿಟ್ಟುಹೋಗಿದ್ದ ಪೊಟ್ಟಣದಿಂದ ಎಳ್ಳನ್ನು ನಾನೇ ತೆಗೆದು ಅವನ ಅಂಗೈಗೆ ಹಾಕಿ, ಬಾಟಲಿಯ ನೀರು ಬಿಟ್ಟೆ. ಹಾಸ್ಟೆಲಿಗೆ ಚಕ್ಕುಲಿ ಡಬ್ಬ ತಂದುಕೊಡುತ್ತಿದ್ದ ಅವನ ತಂದೆಯನ್ನು ನಾವು ಅಂಕಲ್ ಎಂದೇ ಕರೆದವರು. ಅವರ ಹೆಸರನ್ನು ನಾನು ಕೇಳಿದ್ದು ಅಂದೇ.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಬಿಟ್ಟರು. ವಾಸು ಬದುಕಿದ.

ಮುಂದಿನ ಬೇಸಿಗೆಯಲ್ಲಿ ನನ್ನ ತಂದೆ ಹೃದಯಾಘಾತದಿಂದ ಹೋದರು. ಪ್ರವಾಸದ ಕಥೆಯನ್ನು ಅಮ್ಮನಿಗೆ ಹೇಳಿದ್ದು ನನ್ನ ಜಾಣತನ. "ಎಳ್ಳು ಮುಟ್ಟಿದೆಯಲ್ಲಪ್ಪ," ಎಂದರು ಒಮ್ಮೆ. ಆಮೇಲೆ ಆ ಮಾತೆತ್ತಲಿಲ್ಲ, ಎತ್ತಿದ್ದರೇ ವಾಸಿಯಿತ್ತು.

ನಾನು ಊರಿನಿಂದ ಮರಳಿದ ವಾರ ವಾಸು ಡ್ರೈವ್ ಮಾಡಿಕೊಂಡು ರೌಂಡ್ ರಾಕಿಗೆ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತು, "ನನ್ನಿಂದಾಯ್ತೇನೋ?" ಎಂದ.

"ಹಾರ್ಟ್ ಅಟ್ಯಾಕ್ ಕಣೋ. ಬಾ ಒಳಗೆ."

ಅವನು ನಂಬಿದಂತೆ ಕಾಣಲಿಲ್ಲ.

ನನಗೆ ಆ ಕಟ್ಟಳೆಯಲ್ಲಿ ನಂಬಿಕೆಯಿಲ್ಲ. ಅಮ್ಮನೆದುರು ಹಾಗೆನ್ನುವ ಧೈರ್ಯವೂ ಇಲ್ಲ. ಆದರೆ ಆ ಮರಗಟ್ಟಿದ ಅಂಗೈ ಮತ್ತೆ ಎದುರು ಬಂದರೆ ಎಳ್ಳು ಹಾಕಿಯೇ ಹಾಕುತ್ತೇನೆ. ಈಗಂತೂ ನನ್ನನ್ನು ತಡೆಯುವ ಕಟ್ಟಳೆಯೇ ಉಳಿದಿಲ್ಲ.