ತಣಿಯುವ ಮೊದಲೇ ಅಳೆದ ಇಂಜಿನ್

ಡ್ರ್ಯಾಗ್ ರೇಸ್ ಎಂದರೆ ಎರಡು ಬೈಕುಗಳು ಅಕ್ಕಪಕ್ಕ ನಿಂತು, ಹಸಿರು ದೀಪ ಹತ್ತಿದೊಡನೆ ನಾನೂರು ಮೀಟರು ನೇರ ದಾರಿಯನ್ನು ಓಡಿ ಮುಗಿಸುವ ಹದಿನಾಲ್ಕು ಸೆಕೆಂಡುಗಳ ಆಟ. ನೋಡಲು ಬಂದವರಿಗೆ ಅದು ಅಲ್ಲಿಗೆ ಮುಗಿಯಿತು. ಗೆದ್ದ ಬೈಕಿನ ಇಂಜಿನ್ ಬಿಚ್ಚಿ, ನಿಯಮಪುಸ್ತಕ ಒಪ್ಪದ ಮಾರ್ಪಾಡು ಏನಾದರೂ ಇದೆಯೇ ಎಂದು ಅಳೆದು ನೋಡುವ ನಮ್ಮಂಥವರಿಗೆ ಆಟ ಶುರುವಾಗುವುದೇ ಆಮೇಲೆ. ಈ ಕ್ಷೇತ್ರದಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಅಳತೆ ಎಂಬ ಒಣ ಕೆಲಸಕ್ಕೆ ಒಂದು ಘನತೆ ತಂದುಕೊಟ್ಟ ನಮ್ಮ ಮುಖ್ಯ ತಪಾಸಣಾಧಿಕಾರಿಗಳು ಈಗ ನಿವೃತ್ತರಾಗುತ್ತಿದ್ದಾರೆ; ಈ ಅಭಿನಂದನ ಗ್ರಂಥ ಅವರಿಗಾಗಿ. ಸವಾರರು ಬೆನ್ನ ಹಿಂದೆ ಅವರನ್ನು ಗೇಜು ಮೇಷ್ಟ್ರು ಎನ್ನುತ್ತಿದ್ದರು. ಎದುರಿಗೆ ಬಂದರೆ ಎಲ್ಲರಿಗೂ ಅವರು ಸಾರ್.

ನಾನು ಅವರ ಕೈಕೆಳಗೆ ಸೇರಿದಾಗ ನನಗೆ ಇಪ್ಪತ್ತಾರು ವರ್ಷ, ತಲೆ ತುಂಬ ಅಹಂಕಾರ. ತಗಡಿನ ಚಾವಣಿಯ ತಪಾಸಣಾ ಕೊಠಡಿ, ಎಣ್ಣೆ ಹೀರಿ ಕಪ್ಪಾದ ಉದ್ದನೆಯ ಮೇಜು, ಅದರ ಎರಡು ಬದಿಗೆ ಬೆಂಚು. ತಕರಾರು ತಂದವರು ಒಂದು ಕಡೆ, ತಕರಾರಿಗೆ ಗುರಿಯಾದವರು ಇನ್ನೊಂದು ಕಡೆ. "ಮೊದ್ಲು ಕೂತ್ಕೊಳ್ಳಿ, ಆಮೇಲೆ ಜಗಳ ಆಡೋಣ" ಎಂದು ಸಾರ್ ಹೇಳಿದರೆ ಅರ್ಧ ಜಗಳ ಅಲ್ಲೇ ಇಳಿದುಹೋಗುತ್ತಿತ್ತು. ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು ನಿಷಿದ್ಧವೋ ಅನುಮತಿಯೋ ಎಂಬ ವಾದ ಪ್ರತಿ ಪಂದ್ಯಕ್ಕೂ ಬರುತ್ತಿತ್ತು. ಎರಡೂ ಕಡೆಯ ಮಾತನ್ನು ಅವರು ಮೊದಲ ಬಾರಿಗೆ ಕೇಳುವವರಂತೆ ಕೇಳುತ್ತಿದ್ದರು. ಚೈನಿನ ಕಾಪು ಇಲ್ಲವೆಂದು ನಾನು ವಾಪಸು ಕಳಿಸಿದ ಬೈಕೊಂದಕ್ಕೆ ಅವರೇ ಕೂತು ತಗಡು ಕತ್ತರಿಸಿ ಕಾಪು ಮಾಡಿಕೊಟ್ಟು, ಅಂಗೈ ಕುಯ್ದುಕೊಂಡದ್ದು ನನಗಿನ್ನೂ ನೆನಪಿದೆ. ಆ ಸವಾರ ಆ ದಿನ ಮೊದಲ ಸುತ್ತಿನಲ್ಲೇ ಸೋತ. ಸಾರ್‌ಗೆ ಅವನಿಗಿಂತ ಹೆಚ್ಚು ಬೇಸರವಾಯಿತು.

ಅವರದು ಒಂದು ಪದ್ಧತಿಯಿತ್ತು. ಓಡಿ ಬಂದ ಇಂಜಿನ್ನಿನ ಲೋಹ ಬಿಸಿಗೆ ಹಿಗ್ಗಿರುತ್ತದೆ. ಸಿಲಿಂಡರಿನ ಮೇಲೆ ಅಂಗೈ ಇಟ್ಟು, ಬಿಸಿ ಪೂರ್ತಿ ಆರುವ ತನಕ ಕಾದು, ಆಮೇಲೆ ಒಳವ್ಯಾಸವನ್ನು ಗೇಜಿನಿಂದ ಮೂರು ಸಲ ಅಳೆಯಬೇಕು. ನಾವು ಅಳತೆಯ ಹಾಳೆ ತಂದಾಗಲೆಲ್ಲ ಎರಡು ಪ್ರಶ್ನೆ ತಪ್ಪುತ್ತಿರಲಿಲ್ಲ: "ತಣ್ಣಗಾಗಿತ್ತಾ? ಎಷ್ಟು ಸಲ ಅಳೆದೆ?"

ಇನ್ನು ಬರೆಯುವುದು ಅಭಿನಂದನ ಗ್ರಂಥಕ್ಕೆ ತಕ್ಕ ಮಾತಲ್ಲವೆಂದು ಸಂಪಾದಕರಿಗೆ ಅನ್ನಿಸಬಹುದು. ಇಪ್ಪತ್ತೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಇಲ್ಲೂ ಮುಚ್ಚಿಕೊಂಡರೆ ನನ್ನ ಹೊಗಳಿಕೆಗೆಲ್ಲ ಬೆಲೆಯಿಲ್ಲ.

ಇಪ್ಪತ್ತೊಂದು ವರ್ಷದ ಹಿಂದಿನ ಅಂತಿಮ ಪಂದ್ಯ ಗೆದ್ದದ್ದು ಸಾರ್ ಅವರ ಸ್ವಂತ ತಮ್ಮ ಕಟ್ಟಿದ ಇಂಜಿನ್. ಸೋತವರು ಒಡನೆ ತಕರಾರು ಹಾಕಿದರು: ಸಿಲಿಂಡರನ್ನು ಮಿತಿ ಮೀರಿ ಕೊರೆದಿದ್ದಾರೆ ಎಂದು. ಸಾರ್ ನನ್ನನ್ನು ಕರೆದು, "ನೀನೇ ಅಳತೆ ಮಾಡು. ನಾನು ಮುಟ್ಟಲ್ಲ" ಎಂದರು. ಬಾಗಿಲು ಹಾಕಿದ್ದ ಕೊಠಡಿಯ ಹೊರಗೆ ಜನ, "ತಮ್ಮನ್ನ ಉಳಿಸ್ಕೋತಾರೆ ನೋಡ್ತಿರಿ" ಎಂದು ಕೂಗುತ್ತಿದ್ದರು. ನಾನು ಗಡಿಬಿಡಿಯಲ್ಲಿ ಬಿಸಿ ಆರುವ ಮೊದಲೇ ಗೇಜು ಇಳಿಸಿದೆ, ಒಂದೇ ಸಲ ಅಳೆದೆ. ಕೂದಲೆಳೆಯಷ್ಟು ಹೆಚ್ಚು ಬಂತು. ಹಾಳೆ ಕೊಟ್ಟೆ. ಸಾರ್ ಏನೂ ಕೇಳದೆ ಸಹಿ ಹಾಕಿದರು.

"ಅಣ್ಣಾ, ಇನ್ನೊಂದ್ಸಲ ಅಳತೆ ಮಾಡ್ಸು" ಎಂದರು, ತೀರ್ಪು ಕೇಳಿ ಒಳಗೆ ಬಂದ ತಮ್ಮ. ಬೇಡಿಕೊಂಡಂತೆಯೇ ಇತ್ತು ಆ ಧ್ವನಿ.

"ಅಣ್ಣ ತಮ್ಮ ಎಲ್ಲ ಮನೇಲಿ. ಇಲ್ಲಿ ಅಲ್ಲ" ಎಂದರು ಸಾರ್.

ರೇಸು ನಡೆಸುವ ಮಂಡಳಿಯಿಂದ ತಮ್ಮನಿಗೆ ಅಲ್ಲೇ ಎರಡು ವರ್ಷ ನಿಷೇಧ ಬಿತ್ತು. ಅದಾಗಿ ಎರಡು ಗಂಟೆಯ ಮೇಲೆ, ಮನಸ್ಸು ತಡೆಯದೆ, ತಣ್ಣಗಾಗಿದ್ದ ಅದೇ ಸಿಲಿಂಡರನ್ನು ಮತ್ತೆ ಅಳೆದೆ. ಮೂರು ಸಲವೂ ಅದು ಮಿತಿಯೊಳಗೇ ಇತ್ತು. ಓಡಿಹೋಗಿ ಹೇಳಿದೆ. ಸಾರ್ ಹಾಳೆ ತೆಗೆದುಕೊಂಡು ಬೆಂಚಿನ ಮೇಲೆ ಕೂತರು. ಅಂದೇ ಮಂಡಳಿಗೆ ಪತ್ರ ಬರೆದರು: "ಅಳತೆ ನನ್ನದು, ತಪ್ಪೂ ನನ್ನದು." ನಿಜವಾಗಿ ಅಳೆದ ನನ್ನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. "ನಿಂಗೆ ಇನ್ನೂ ಸರ್ವೀಸ್ ಇದೆ, ಸುಮ್ನಿರು" ಎಂದರು, ನಾನು ಸುಮ್ಮನಿದ್ದೆ. ಮಂಡಳಿ ನಿಷೇಧವನ್ನು ತೆಗೆಯಿತು, ಫಲಿತಾಂಶವನ್ನು ಮಾತ್ರ ಬದಲಿಸಲಿಲ್ಲ. ಅಣ್ಣನೇ ಕಾಗದ ಬರೆದು ಮೋಸಗಾರ ತಮ್ಮನನ್ನು ಬಿಡಿಸಿಕೊಂಡನೆಂದು ಊರೆಲ್ಲ ಆಡಿಕೊಂಡಿತು. ತಮ್ಮ ರೇಸಿನ ಸಹವಾಸವನ್ನೇ ಬಿಟ್ಟರು, ಅಣ್ಣನ ಮನೆ ಮೆಟ್ಟಿಲನ್ನೂ ತುಳಿಯಲಿಲ್ಲ. ಅವರ ತಾಯಿ ತೀರಿಕೊಂಡ ದಿನ ಇಬ್ಬರೂ ಆಕೆಯ ಎರಡು ಪಕ್ಕದಲ್ಲಿ ನಿಂತಿದ್ದು, ಒಂದು ಮಾತೂ ಆಡದೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ನಾನು ಈ ನಡುವೆ ಎರಡು ಬಡ್ತಿ ಪಡೆದೆ.

ಈ ಗ್ರಂಥಕ್ಕೆ ತಮ್ಮನವರಿಂದ ಲೇಖನ ತರುವ ಕೆಲಸ ನನ್ನ ಪಾಲಿಗೆ ಬಂತು. ಅವರೀಗ ನೀರಿನ ಪಂಪು ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಅವರು ಬಿಚ್ಚಿದ ಮೋಟರಿನ ಮುಂದೆ ಕೂತಿದ್ದಾಗಲೇ ಎಲ್ಲವನ್ನೂ ಒದರಿದೆ.

"ಅಳೆದಿದ್ದು ನೀವಾ?" ಎಂದರು, ತಲೆಯೆತ್ತದೆ. "ಹೋಗ್ಲಿ ಬಿಡಿ, ಕೈತಪ್ಪು ಯಾರಿಗಾದ್ರೂ ಆಗತ್ತೆ. ಯಾರೋ ದಾರೀಲಿ ಹೋಗೋನ ಇಂಜಿನ್ ಆಗಿದ್ರೆ ಅಣ್ಣ ತಣ್ಣಗಾಗೋ ತನಕ ಕಾಯ್ತಿದ್ದ. ನಂದು ಅಂತ ಕಾಯ್ಲಿಲ್ಲ."

ಪಕ್ಷಪಾತವೆಂಬ ಮಾತಿಗೆ ಹೆದರಿ, ಪರರಿಗೆಲ್ಲ ಕೊಟ್ಟ ನ್ಯಾಯವನ್ನು ಸಾರ್ ಒಬ್ಬನಿಗೆ ಮಾತ್ರ ಕೊಡಲಿಲ್ಲ; ಆ ಒಬ್ಬ ತಮ್ಮನಾಗಿದ್ದ. ಈ ಮಾತನ್ನು ಸಾರ್‌ಗೆ ಮುಟ್ಟಿಸಿದೆ. ಅವರು "ನಿಜ ಹೇಳಿದಾನೆ" ಎಂದರು. ಅವರ ಕಣ್ಣು ತುಂಬಿತ್ತು. "ಯಾವ ಮುಖ ಇಟ್ಕೊಂಡು ಹೋಗ್ಲಿ" ಎಂದೂ ಅಂದರು.

ತಮ್ಮನವರು ಲೇಖನ ಕೊಡಲಿಲ್ಲ. ಆ ದಿನ ಅವರ ಅಂಗಡಿಯಿಂದ ನಾನು ಹೊರಟು ನಿಂತಾಗ ಮಾತ್ರ, ಸ್ಕ್ರೂ ಬಿಗಿಸುತ್ತಲೇ ಕೇಳಿದರು: "ಅಣ್ಣಂಗೆ ಮಂಡಿ ನೋವಂತೆ. ನಡೀತಾನಾ?"

ಇದನ್ನು ಸಾರ್‌ಗೆ ನಾನು ಬಾಯಲ್ಲಿ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅಚ್ಚಾದ ಮೇಲೆ ಅವರೇ ಓದಿಕೊಳ್ಳಲಿ ಎಂದು. ಸಾರ್, ತಾವು ನೂರು ವರ್ಷ ಬಾಳಿ. ನಮ್ಮ ನಿಯಮಪುಸ್ತಕದ ಗೊಂದಲಗಳನ್ನು ಇನ್ನೂ ತಿದ್ದಿಕೊಡಿ. ಅದಕ್ಕೂ ಮೊದಲು ಒಂದು ಕೆಲಸ ಉಳಿದಿದೆ. ಪಂಪಿನ ಅಂಗಡಿ ರಸ್ತೆಯ ಮಟ್ಟಕ್ಕೇ ಇದೆ. ಮೆಟ್ಟಿಲು ಒಂದೂ ಇಲ್ಲ.