ಮಂಡಕ್ಕಿಯ ಹಿಮ

ನಾನು ಹಿಮ ನೋಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಅದೂ ಕರೆಂಟು ಇದ್ದ ದಿನ. ಇಷ್ಟೇ ಅನುಭವದ ಬಂಡವಾಳ ಇಟ್ಟುಕೊಂಡು ನಾನು ಒಂದು ಹಿಮದ ಗ್ರಹದ ಮೇಲೆ ನಾಟಕ ಬರೆದೆ. ಗಂಗಾವತಿಯಲ್ಲಿ, ಮೇ ತಿಂಗಳಲ್ಲಿ, ಒದ್ದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರನಿಗೆ ಬೇಸಿಗೆ ರಜೆ ಕೊಟ್ಟರೆ ಇಂಥ ಅನಾಹುತಗಳು ಆಗುತ್ತವೆ.

ಬೆಂಗಳೂರಿನ ಯಾವುದೋ ಕಂಪನಿ ಫೋನಿನಲ್ಲಿ ಕೇಳುವ ನಾಟಕ ಮಾಡಿಸುತ್ತಿತ್ತು. ಚಳಿಗಾಲದ ಅಜ್ಜಿಕಥೆಯ ಹಾಗಿರಬೇಕು, ಆದರೆ ರಾಕೆಟ್ಟೂ ಇರಬೇಕು ಎಂಬುದು ಅವರ ಬೇಡಿಕೆ. ನಮ್ಮ ಅಜ್ಜಿ ಹೇಳಿದ ಯಾವ ಕಥೆಯಲ್ಲೂ ಚಳಿ ಇರಲಿಲ್ಲ. ಅಲ್ಲಿ ರಾಜಕುಮಾರನಿಗೂ ಬಿಸಿಲು ಹತ್ತಿ ನೀರಡಿಕೆ ಆಗುತ್ತಿತ್ತು. ಆದರೂ ಬರೆದೆ. ಸೂರ್ಯ ಆರಿಹೋದ ಒಂದು ಗ್ರಹ. ಅಲ್ಲಿ ಒಬ್ಬ ಬಿಳಿ ಮುದುಕಿ ಆಕಾಶ ಗುಡಿಸುತ್ತಾಳೆ, ಆ ಕಸವೇ ಹಿಮವಾಗಿ ಬೀಳುತ್ತದೆ, ಮಾತು ನಿಲ್ಲಿಸಿದವರನ್ನು ಮುಚ್ಚಿಬಿಡುತ್ತದೆ. ಉಳಿದವಳು ಒಬ್ಬಳೇ ಹುಡುಗಿ. ಅವಳನ್ನು ಕರೆದೊಯ್ಯುವ ಆಕಾಶದ ಹಡಗು ಬರುವ ತನಕ ಅವಳು ದೀಪ ಕಾಯುತ್ತ ವೈರ್‌ಲೆಸ್ಸಿನಲ್ಲಿ ಕರೆಯುತ್ತಲೇ ಇರಬೇಕು. ಬರೆದು ಮುಗಿಸಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಓದಿದ ಬೇರೆ ಯಾರ ಕಣ್ಣಲ್ಲೂ ಬರಲಿಲ್ಲ.

ರೆಕಾರ್ಡಿಂಗಿಗೆ ಸಿಕ್ಕಿದ್ದು ಗೆಳೆಯ ಗುಮಾಸ್ತನಾಗಿದ್ದ ರೈಸ್ ಮಿಲ್ಲಿನ ಗೋದಾಮು. ಸುತ್ತ ಅಕ್ಕಿ ಚೀಲ ಒಟ್ಟಿದರೆ ಮಾತು ಗುಂಯ್‌ಗುಡುವುದಿಲ್ಲ; ಇದು ಅವನು ಕಂಡುಹಿಡಿದ ವಿಜ್ಞಾನ, ನನ್ನದಲ್ಲ. ಸದ್ದಾಗುತ್ತದೆಂದು ಫ್ಯಾನು ಬಂದ್. ಮೇಲೆ ತಗಡು. ಹಡಗಿನ ಕ್ಯಾಪ್ಟನ್ ಕೂಡ ಅವನೇ. ಹಿಂದೊಮ್ಮೆ ಊರ ನಾಟಕದಲ್ಲಿ ರಾಜನ ಪಾರ್ಟು ಮಾಡಿದ್ದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. ಅವನ ಕೂಗಿಗೆ ವೈರ್‌ಲೆಸ್ಸೇ ಬೇಡ, ಪಕ್ಕದ ಗ್ರಹಕ್ಕೆ ನೇರವಾಗಿ ಕೇಳುತ್ತಿತ್ತು.

ಹಿಮದ ಮೇಲೆ ನಡೆಯುವ ಸದ್ದಿಗೆ ಮಂಡಕ್ಕಿ ತರಿಸಿದೆ. ಚಾಪೆಯ ಮೇಲೆ ಸುರಿದು ಕಾಲಿಡಬೇಕು, ಅಷ್ಟರಲ್ಲಿ ಗುಮಾಸ್ತ ನನ್ನ ರಟ್ಟೆ ಹಿಡಿದ.

"ಮಾಸ್ತರ, ಕಾಲಾಗ ತುಳಿಬ್ಯಾಡ್ರಿ. ಉಣ್ಣೋ ಪದಾರ್ಥ ಅದು."

"ಇದು ಹಿಮ ಮಾರಾಯಾ."

"ನಿಮಗ ಹಿಮ ಇರಬಹುದು. ಅಕ್ಕಿ ಮಿಲ್ಲಿನ್ಯಾಗ ನಿಂತು ಅನ್ನ ತುಳಿದ್ರ ನಾಳೆ ನನಗ ಉಣ್ಣಾಕ ಸಿಗಂಗಿಲ್ಲ."

ಮಂಡಕ್ಕಿಯನ್ನು ಬಟ್ಟೆಯ ಚೀಲಕ್ಕೆ ತುಂಬಿ, ಮೈಕಿನ ಹತ್ತಿರ ಹಿಡಿದು ಹಿಸುಕಿದೆವು. ಹಾಗಾಗಿ ನಮ್ಮ ಗ್ರಹದಲ್ಲಿ ಎಲ್ಲರೂ ಕೈಯಿಂದಲೇ ನಡೆದರು. ಚಹಾದ ಹೊತ್ತಿಗೆ ಉಳಿದ ಹಿಮಕ್ಕೆ ಒಗ್ಗರಣೆ ಹಾಕಿಸಿ, ಮಿರ್ಚಿ ಜೊತೆ ತಿಂದು ಮುಗಿಸಿದೆವು.

ಹುಡುಗಿಯ ಪಾರ್ಟನ್ನು ನಮ್ಮ ಶಾಲೆಯ ಇಂಗ್ಲಿಷ್ ಮೇಡಂ ಮಾಡಿದ್ದರು. ರೆಕಾರ್ಡಿಂಗು ಕಳಿಸಿದ ಮರುದಿನವೇ ಕಂಪನಿಯ ಹುಡುಗ ಫೋನು ಮಾಡಿದ. "ಸಾರ್, ಚಳಿ ಕೇಳಿಸ್ತಾನೇ ಇಲ್ಲ. ಖಾರ ತಿಂದೋರ ಥರ ಇದೆ." ಅವನದೇನೂ ತಪ್ಪಿಲ್ಲ. ಈ ನಾಲ್ಕು ತಾಲ್ಲೂಕಿನಲ್ಲಿ ಮನುಷ್ಯರು 'ಸ್ಸ್... ಹಾ' ಅನ್ನುವುದು ಮೆಣಸಿನಕಾಯಿ ಕಚ್ಚಿದಾಗ ಮಾತ್ರ. ಮೇಡಂ ಸಿಟ್ಟಾಗಿ ಕುಷ್ಟಗಿಯ ತವರಿಗೆ ಹೋಗಿಬಿಟ್ಟರು. ನಾಟಕ ಕೊಡಲು ಮೂರು ದಿನ ಉಳಿದಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ಅದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ನನ್ನ ತಂಗಿಗೆ ಉಗ್ಗು ಇದೆ. ನನಗಿಂತ ಆರು ವರ್ಷ ಚಿಕ್ಕವಳು, ಅವ್ವನ ಜೊತೆ ನಮ್ಮಲ್ಲೇ ಇರುತ್ತಾಳೆ, ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಅಲ್ಲಿ ಮಾತಾಡುವ ಪ್ರಸಂಗ ಕಡಿಮೆ, ಎಷ್ಟು ಕಾಪಿ ಅಂತ ಬೆರಳು ತೋರಿಸಿದರೆ ಆಯಿತು. ಮನೆಯಲ್ಲಿ ಅವಳು ಶುರು ಮಾಡಿದ ವಾಕ್ಯವನ್ನು ಮುಗಿಸುವ ಗುತ್ತಿಗೆ ನನ್ನದು. ಚಿಕ್ಕಂದಿನಲ್ಲಿ ಸ್ವೀಟಿನಂಗಡಿಯ ಮುಂದೆ 'ಜ... ಜ...' ಎಂದಳು. ನಾನು ಜಾಣ, 'ಜಿಲೇಬಿ ಕೊಡ್ರಿ' ಎಂದೆ. ಅಂದಿನಿಂದ ಪ್ರತಿ ಹಬ್ಬಕ್ಕೂ ಅವಳಿಗೆ ಜಿಲೇಬಿ ತರುತ್ತಿದ್ದೆ. ಅಣ್ಣ ಅಂದರೆ ಹೀಗಿರಬೇಕು ಎಂದು ನೆರೆಹೊರೆಯವರು ಹೊಗಳುತ್ತಿದ್ದರು, ನಾನು ಒಪ್ಪುತ್ತಿದ್ದೆ.

ಅವತ್ತು ಬಾಗಿಲಲ್ಲಿ ನೀರಿನ ಕ್ಯಾನಿನವನ ಹತ್ತಿರ ಅವಳು ತಡವರಿಸುತ್ತಿದ್ದಳು. ಒಳಗಿನಿಂದ ಕೇಳಿದ ನನಗೆ ಅನಿಸಿದ್ದು ಒಂದೇ. ಅರೆ, ಇದಲ್ಲವೇ ನಡುಕ! ಪಾರ್ಟು ಮಾಡುತ್ತೀಯಾ ಎಂದೆ. ಪೂರಾ ಕೇಳುವ ಮೊದಲೇ ತಲೆ ಆಡಿಸಿದಳು. ಅಷ್ಟು ಬೇಗ ಯಾಕೆ ಒಪ್ಪಿದಳು ಎಂದು ಕೇಳುವ ವ್ಯವಧಾನ ನನಗಿರಲಿಲ್ಲ.

ಮರುದಿನ ಮಧ್ಯಾಹ್ನ ಎರಡು ಗಂಟೆ, ಅದೇ ಗೋದಾಮು. ಫ್ಯಾನು ಬಂದ್. ಗುಮಾಸ್ತ ಚೀಲ ಹಿಸುಕಿ ನಡೆದ. ತಂಗಿ ರಾತ್ರಿಯೆಲ್ಲ ಓದಿದ್ದ ಹಾಳೆಗಳನ್ನು ಮಡಚಿ ಪಕ್ಕಕ್ಕಿಟ್ಟಳು, ಕಣ್ಣು ಮುಚ್ಚಿದಳು.

"ನಾನು ಇಲ್ಲಿದ್ದೇನೆ. ದೀಪ ಇನ್ನೂ ಆರಿಲ್ಲ. ಯಾರಾದರೂ ಕೇಳುತ್ತಿದ್ದರೆ ಉತ್ತರ ಕೊಡಿ."

ಒಂದು ಅಕ್ಷರವೂ ತಡೆಯಲಿಲ್ಲ. ಎರಡನೇ ಪುಟ, ಮೂರನೇ ಪುಟ, ನಾನು ಮೆರೆಯಲೆಂದೇ ಬರೆದಿದ್ದ ಆ ಉದ್ದನೆಯ ಭಾಷಣ, ಎಲ್ಲವನ್ನೂ ಕಾಲುವೆಯ ನೀರಿನ ಹಾಗೆ ಹೇಳುತ್ತ ಹೋದಳು. ಗುಮಾಸ್ತ ಹಿಸುಕುವುದನ್ನು ಮರೆತ. ಮೂವತ್ತೆಂಟು ವರ್ಷದಲ್ಲಿ ನಾನು ಕೇಳದಿದ್ದ ದನಿ ಅದು. ಆಗ ಈ ಅಣ್ಣ ಮಾಡಿದ್ದೇನು? ಕೈ ಎತ್ತಿ ನಿಲ್ಲಿಸಿದ್ದು.

"ಹಿಂಗಲ್ಲ. ನಡುಗು. ನೀ ದಿನಾ ಮಾತಾಡ್ತೀಯಲ್ಲ, ಹಂಗ ಮಾತಾಡು."

ಅವಳು ಕಣ್ಣು ತೆರೆದು ನನ್ನನ್ನೇ ನೋಡಿದಳು. ನಾನು ಯಾಕೆ ಕರೆದುಕೊಂಡು ಬಂದೆ ಎಂದು ಅವಳಿಗೆ ಗೊತ್ತಾಗಿತ್ತು. ಬಹುಶಃ ಮನೆಯಲ್ಲೇ ಗೊತ್ತಾಗಿತ್ತು.

"ಪು... ಪು..."

"ಪುಸ್ತಕಾ? ಪುರಸತ್ತಿಲ್ಲಾ?"

ಇಲ್ಲ ಎಂದು ಕೈ ಮಾಡಿದಳು. "ಪು... ಪುಕ್ಕಟೆ... ಇಷ್ಟು ವರ್ಷ ನ... ನಡುಗೀನಿ ಅಣ್ಣಾ. ಇ... ಇವತ್ತ ನಡುಗಂಗಿಲ್ಲ."

ಹೇಗೆ ಕಲಿತೆ ಎಂದು ಗುಮಾಸ್ತ ಕೇಳಿದ. ಅವಳು ನಿಧಾನವಾಗಿ ಹೇಳಿದಳು, ಅವನು ಕಾದ. ಝೆರಾಕ್ಸ್ ಮಷೀನು ಓಡುವಾಗ ಅದರ ಸದ್ದಿನಲ್ಲಿ ಅವಳ ಮಾತು ಯಾರಿಗೂ ಕೇಳುವುದಿಲ್ಲ. ಹಾಗಾಗಿ ಜನ ಕಾಪಿಗೆ ಕೊಟ್ಟ ಅರ್ಜಿ, ಮಾರ್ಕ್ಸ್‌ಕಾರ್ಡು, ಮದುವೆ ಲಗ್ನಪತ್ರಿಕೆ, ಎಲ್ಲವನ್ನೂ ವರ್ಷಗಟ್ಟಲೆ ಜೋರಾಗಿ ಓದುತ್ತ ಬಂದಿದ್ದಾಳೆ. ಬೇರೆಯವರು ಬರೆದಿದ್ದನ್ನು ಹೇಳುವಾಗ ತಡೆಯುವುದಿಲ್ಲವಂತೆ. ನಾನು ನನ್ನ ನಾಟಕಕ್ಕೆ ಚಳಿ ಹುಡುಕುತ್ತ ಊರೆಲ್ಲ ತಿರುಗಿದ್ದೆ. ಒಂದು ಹುಡುಗಿ ಯಾರಿಗೂ ಕೇಳದ ಕಡೆ ಕೂತು ಕರೆಯುತ್ತಲೇ ಇದ್ದದ್ದು ನನ್ನ ಮನೆಯಿಂದ ಒಂದು ಮೈಲಿ ಆಚೆ.

ಮತ್ತೆ ನಾನು ನಿಲ್ಲಿಸಲಿಲ್ಲ. ಕಂಪನಿಯವನು ಕೇಳಿ, "ಚಳಿ ಕಮ್ಮಿ ಇದೆ ಸಾರ್, ಆದ್ರೆ ಇರ್ಲಿ ಬಿಡಿ" ಎಂದ. ದೊಡ್ಡ ಮನಸ್ಸು.

ನಾಟಕ ಬಂದ ದಿನ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹಚ್ಚಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. 'ನಾನು ಇಲ್ಲಿದ್ದೇನೆ' ಎಂಬ ಮಾತು ಬಂದಾಗ ಬಡಿಯುವುದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಯಾರೂ ತೆಗೆಯಲಿಲ್ಲ. ಮುಗಿದ ಮೇಲೆ ಅವ್ವ ಹಿಟ್ಟಿನ ಕೈಯಲ್ಲೇ ಮಗಳ ಗಲ್ಲ ಹಿಡಿದು ಬಹಳ ಹೊತ್ತು ಕೂತಳು. ನಾನು ಬರಹಗಾರನಲ್ಲವೇ, ಬಾಗಿಲಲ್ಲಿ ನಿಂತು ನನ್ನ ಪಾಲಿನ ಹೊಗಳಿಕೆಗೆ ಕಾದೆ.

ತಂಗಿ ನನ್ನ ಕಡೆ ತಿರುಗಿದಳು. "ಅ... ಅಣ್ಣಾ, ನಿ... ನಿನ್ನ ಕಥಿ..."

ಛಲೋ ಐತಿ ಅನ್ನುತ್ತಾಳೆ ಎಂದು ನಾನು ಬಾಯಿ ತೆರೆದೆ. ಅವ್ವ ಹಿಟ್ಟಿನ ಕೈ ಎತ್ತಿ ತಡೆದಳು.

"ಬಾಯಿ ಮುಚ್ಚು. ಆಕಿ ಹೇಳ್ತಾಳ."

ಮುಚ್ಚಿದೆ. ಕಾದೆವು. ಒಲೆಯ ಮೇಲಿನ ನೀರು ಕುದಿಯಿತು. ಅವಳಿಗೆ ಅವಸರವೇ ಇರಲಿಲ್ಲ. ಒಂದೊಂದೇ ಅಕ್ಷರವನ್ನು ಹುಡುಕಿ, ಹೊರಗೆ ತಂದು, ಕೊನೆಗೆ ತಾನೇ ಮುಗಿಸಿದಳು.

"...ಭಾಳ... ಉ... ಉ... ಉದ್ದ ಆತು. ಮತ್ತ ನನಗ... ಜ... ಜಾಮೂನು ಸೇರತಾವು."